ಎರಡು ನಿಮಿಷ ನಿಲ್ಲುವ ಊರು

ಮಂಡ್ಯಕ್ಕೆ ಯಾರೂ ನೋಡಲೆಂದು ಬರುವುದಿಲ್ಲ.
ಆಸ್ಪತ್ರೆಗೆ ಬರುತ್ತಾರೆ, ಕೋರ್ಟಿಗೆ, ಹೆಣ್ಣು ಕೇಳಲಿಕ್ಕೆ.
ಮೈಸೂರಿಗೆ ಹೊರಟವರು
ಕಿಟಕಿಯಿಂದ ಹಳದಿ ಹಲಗೆ ಓದಿ
ಮತ್ತೆ ನಿದ್ದೆ ಹೋಗುತ್ತಾರೆ.

ಫ್ಲೋಸಿ ಕ್ವಾಡ್ರಸ್ ಬಂದದ್ದು ವರ್ಗವಾಗಿ,
ರಕ್ತ ಪರೀಕ್ಷೆಯ ಲ್ಯಾಬಿಗೆ, ಮಲ್ಪೆಯ ಕಡೆಯಿಂದ.
ನನ್ನ ಮಹಡಿಯ ಬಾಡಿಗೆ ಕೋಣೆಗೆ
ಒಂದು ಟ್ರಂಕು, ಏಸುವಿನ ಪಟ, ಒಂದು ಡಬ್ಬಿ ಒಣಸಿಗಡಿ.
ಮೊದಲ ಭಾನುವಾರವೇ ಕೇಳಿದಳು:
"ನಿಮ್ಮೂರಲ್ಲಿ ನೋಡ್ಲಿಕ್ಕೆ ಎಂಥ ಉಂಟು ಮಾರಾಯ್ತಿ?"
ಐವತ್ತೆರಡು ವರ್ಷ ಇಲ್ಲೇ ಇದ್ದವಳು ನಾನು,
ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವವಳು.
ಬಾಯಿಗೆ ಬಂದದ್ದು ಇಷ್ಟೇ: "ಮೈಸೂರ್ಗೋಗವ್ವ."

ಹೋಗಲಿಲ್ಲ.
ನನ್ನ ಸ್ಕೂಟಿ, ಅರ್ಧ ದಿನ, ನೂರು ರೂಪಾಯಿ ಪೆಟ್ರೋಲು,
ಊಟಕ್ಕೆ ಮನೆಗೇ ವಾಪಸ್ಸು. ಅದು ಕರಾರು.

ಮೊದಲು ನಾಲೆ. ಏರಿಯ ಮೇಲೆ ಚಪ್ಪಲಿ ಬಿಟ್ಟು
ಇಳಿದು, ಬೊಗಸೆಯಲ್ಲಿ ಎತ್ತಿ ಕುಡಿದೇ ಬಿಟ್ಟಳು.
"ಉಪ್ಪಿಲ್ಲ," ಅಂದಳು,
ಜ್ವರ ಬಿಟ್ಟವರು ಗಂಜಿಗೆ ಅನ್ನುವ ಹಾಗೆ.
ಆಮೇಲೆ, "ಇದನ್ನು ಬಂದ್ ಮಾಡುವವ ಯಾರು?"
ಕಡಲಿಗೆ ತೂಬಿಲ್ಲವಲ್ಲ, ಅವಳಿಗೇನು ಗೊತ್ತು.
ನಾನು ತೂಬು ತೋರಿಸಿದೆ, ತೂಬಿನ ಬೀಗ ತೋರಿಸಿದೆ,
ಆ ಬೀಗ ಒಡೆದು ಅಪ್ಪ
ಒಂದು ರಾತ್ರಿ ಠಾಣೆಯ ನೆಲದ ಮೇಲೆ ಕೂತದ್ದು,
ಗಂಡನಿಗೂ ಹೇಳದ್ದು,
ಹೇಳಿದೆ.

ಬಸರಾಳಿನಲ್ಲಿ ಗುಡಿಯ ಬೀಗದವನು ಹೊಲಕ್ಕೆ ಹೋಗಿದ್ದ.
ಹೊರಗೋಡೆ ಸುತ್ತಿದೆವು.
ಕಲ್ಲಿನ ಸಾಲಿನಲ್ಲಿ ಮಕರ ಕಂಡು ಅವಳಿಗೆ ನಗುವೋ ನಗು:
"ಹಂದಿಯ ಮೈ, ಆನೆಯ ಮೂತಿ, ನವಿಲಿನ ಬಾಲ!
ಪಾಪ, ಕಡಲು ಕಂಡವನಲ್ಲ,
ಅಂದಾಜಿಗೆ ಕೆತ್ತಿದ್ದಾನೆ."
ನಾನೂ ನಕ್ಕೆ. ನನ್ನ ಕಡಲೂ
ಅಂದಾಜಿನದೇ ಅಂತ ಆಗ ಹೇಳಲಿಲ್ಲ.

ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ತುಂಬ ಹೆಜ್ಜಾರ್ಲೆ,
ಬುಡದ ತುಂಬ ಹಿಕ್ಕೆ, ಕೊಳೆತ ಮೀನು.
ನಾನು ಸೆರಗಿನಿಂದ ಮೂಗು ಮುಚ್ಚಿದೆ.
ಅವಳು ಕಣ್ಣು ಮುಚ್ಚಿ, ಎದೆಯ ತುಂಬ ಎಳೆದುಕೊಂಡು
ಕರಾರು ಮರೆತು ನಿಂತಳು.
ಅವತ್ತು ಊಟ ಮಾಡಿದ್ದು ನಾಲ್ಕಕ್ಕೆ.

ಬರುವ ದಾರಿಯಲ್ಲಿ ಕಬ್ಬಿನ ಮೇಲೆ ಗಾಳಿ ಬಿತ್ತು.
ಗಾಡಿ ನಿಲ್ಲಿಸಿದೆ. ಗದ್ದೆಗೆ ಗದ್ದೆಯೇ
ಬಾಗಿ, ಎದ್ದು, ಸುಯ್ಯೆಂದಿತು.
ಕಡಲಿನ ಹಾಗೇ ಉಂಟು ಅಂದಾಳೆಂದು ಕಾದೆ.
"ಹಾವು ಉಂಟಾ ಇದರಲ್ಲಿ?"
"ಅವೆ ಕಣವ್ವ."
"ಹಾಗಾದ್ರೆ ಗಾಡಿ ಬಿಡು."

ಹದಿನಾಲ್ಕು ತಿಂಗಳಿಗೆ ಮತ್ತೆ ವರ್ಗ.
ಮಹಡಿಗೆ ಈಗ ಬ್ಯಾಂಕಿನ ಹುಡುಗ ಬಂದಿದ್ದಾನೆ,
ಭಾನುವಾರ ಮಲಗುತ್ತಾನೆ.

ಮೊನ್ನೆ ಫೋನು: ಬೆಂಗಳೂರಿಗೆ ಏನೋ ತರಬೇತಿಯಂತೆ,
ಬೆಳಗಿನ ಜಾವದ ರೈಲು, ಎಸ್ ಏಳು, ಎರಡೇ ನಿಮಿಷ.
ಅಚ್ಚುಬೆಲ್ಲ ಹಿಡಿದು ಕಾದೆ; ಬೋಗಿ ನನ್ನನ್ನು ದಾಟಿ
ಎಲ್ಲೋ ಮುಂದೆ ನಿಂತಿತು. ಓಡಿದೆ, ಈ ಮಂಡಿಯಲ್ಲಿ.
ಬಾಗಿಲಲ್ಲಿ ಅವಳು, ಕೈಯಲ್ಲಿ ಪೇಪರು ಸುತ್ತಿದ ಸಿಗಡಿ.
ಒಂದೂವರೆ ನಿಮಿಷ ಬರೀ ನಗುವುದಕ್ಕೇ ಆಯಿತು.
"ಚೆಲುವಿ, ಯಾವಾಗ ಬರ್ತಿ ಕಡಲಿಗೆ?"
ಅನ್ನುವಷ್ಟರಲ್ಲಿ ಹಿಂದೆ ಯಾರೋ
ಕಣ್ಣುಜ್ಜುತ್ತ ಕೇಳಿದರು: "ಯಾವೂರಿದು?"

ತಿರುಗಿ ಹೇಳತೊಡಗಿದಳು,
ಒಂದೊಂದೇ ಬೆರಳು ಮಡಚಿ.
ಮೂರನೆಯ ಬೆರಳಿಗೆ ರೈಲು ಹೊರಟಿತು.
ನಾಲ್ಕನೆಯದು ಏನಿರಬಹುದು?

ಪೊಟ್ಟಣವನ್ನು ಸ್ಕೂಟಿಯ ಕೊಕ್ಕೆಗೆ ಸಿಕ್ಕಿಸಿ
ಕತ್ತಲಲ್ಲೇ ಮನೆಗೆ ಬಂದೆ.
ನೂರಡಿ ರಸ್ತೆಯ ಉದ್ದಕ್ಕೂ
ಎರಡು ನಾಯಿ ಹಿಂದೆಯೇ ಬಂದವು.